ಬಿ ಗುಂಪು

“ಆ ಕಿಟಕಿ ಹಾಕ್ರಿ,” ಎಂದರು ಪ್ರೊಫೆಸರ್ ರೇವಣಸಿದ್ದ.

ಸ್ಫೂರ್ತಿ ಸೀಮೆಸುಣ್ಣ ಹಿಡಿದುಕೊಂಡು ಬೋರ್ಡಿನ ಮುಂದೆ ಹಾಗೇ ನಿಂತಳು. ಏಪ್ರಿಲ್ ತಿಂಗಳ ಹೊಸಪೇಟೆ. ಮಧ್ಯಾಹ್ನದ ಬಿಸಿಲಿಗೆ ಗೋಡೆ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ಕೋಣೆಯೊಳಗೆ ಇಪ್ಪತ್ತು ಮಂದಿ ಎಂ.ಎ. ವಿದ್ಯಾರ್ಥಿಗಳು, ಮೇಲೆ ತಿರುಗಲೋ ಬೇಡವೋ ಎಂದು ಯೋಚಿಸುತ್ತಿದ್ದ ಒಂದು ಫ್ಯಾನು.

“ಸರ್, ಸೆಕಿ ಭಾಳ ಐತ್ರಿ.”

“ಸೆಕಿ ಇರ್ಲಿ. ಹೊರಗ ಯಾರು ಕುಂತಾರ ನೋಡ್ರಿ ಸ್ವಲ್ಪ.”

ಸ್ಫೂರ್ತಿ ಬಗ್ಗಿ ನೋಡಿದಳು. ಕಿಟಕಿಯ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ, ಸಂಘಮಿತ್ರಾ ಕೂತಿದ್ದಳು. ತೊಡೆಯ ಮೇಲೆ ಬಿಳಿ ಹಾಳೆ, ಕೈಯಲ್ಲಿ ಪೆನ್ನು. ಒಳಗೆ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ತಲೆಯೆತ್ತಿ ಸ್ಫೂರ್ತಿಯನ್ನು ನೋಡಿದಳು, ಏಳಲಿಲ್ಲ. ಸ್ಫೂರ್ತಿ ಕಿಟಕಿ ಎಳೆದು ಚಿಲಕ ಹಾಕಿದಳು. ಕಲಿಯಲು ಬಂದ ಹುಡುಗಿಯ ಮುಖದ ಮೇಲೆ ಕಿಟಕಿ ಹಾಕಿಸಿದ್ದಕ್ಕೆ ಪ್ರೊಫೆಸರರಿಗೆ ಸಂಕೋಚವೇನೂ ಆಗಲಿಲ್ಲ. ಅವರು ಸಂಶೋಧಕರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, ಎ.ಸಿ. ಇರುವ ತಮ್ಮ ಕೋಣೆಗೆ ಹೊರಟುಹೋದರು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದ ಆ ಸ್ನಾತಕೋತ್ತರ ಕೇಂದ್ರದಲ್ಲಿ ಅರ್ಥಶಾಸ್ತ್ರದವರಿಗೆ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದಿತ್ತು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿಕೊಂಡು ಕಂಪ್ಲಿ, ಸಂಡೂರಿನ ಕಡೆಯಿಂದ ಬಂದ ಮಕ್ಕಳು ಅದರ ಹೆಸರು ಕೇಳಿದರೇ ಬೆವರುತ್ತಿದ್ದರು. ಪ್ರತಿವರ್ಷ ಅರ್ಧ ತರಗತಿ ಫೇಲು. ಅದನ್ನು ಕಲಿಸಬೇಕಾದವರು ರೇವಣಸಿದ್ದರೇ. ಟೈಮ್‌ಟೇಬಲ್ಲಿನಲ್ಲಿ ಅವರ ಹೆಸರು ಇತ್ತು, ಕ್ಲಾಸಿನಲ್ಲಿ ಅವರು ಇರುತ್ತಿರಲಿಲ್ಲ. ಇವತ್ತು ಪುಣೆಯ ಸಮ್ಮೇಳನ, ನಾಳೆ ದೆಹಲಿಯ ಸಮಿತಿ, ನಾಡಿದ್ದು ಯಾವುದೋ ಜರ್ನಲ್ಲಿಗೆ ಲೇಖನ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಜನ ಫೇಲಾದದ್ದು ನೋಡಿ ನಾಚಿಕೊಂಡು ಪಾಠ ಮಾಡಲು ಹೋಗುತ್ತಿದ್ದರು. ರೇವಣಸಿದ್ದರು ಸಂಶೋಧನಾ ಯೋಜನೆ ಬರೆದರು. ‘ಹಿಂದುಳಿದ ಪ್ರದೇಶದ ವಿದ್ಯಾರ್ಥಿಗಳ ಯಶಸ್ಸು: ಒಂದು ಪ್ರಯೋಗ.’ ತಾವು ಕಲಿಸದೆ ಬಿಟ್ಟ ಮಕ್ಕಳು ಯಾಕೆ ಕಲಿತಿಲ್ಲ ಎಂದು ಪತ್ತೆ ಹಚ್ಚುವ ಪ್ರಯೋಗ.

ಪ್ರಯೋಗ ಹೀಗಿತ್ತು: ತರಗತಿಯನ್ನು ಚೀಟಿ ಎತ್ತಿ ಎರಡು ಭಾಗ ಮಾಡುವುದು. ಎ ಗುಂಪಿಗೆ ದಿನಾ ಮಧ್ಯಾಹ್ನ ವಿಶೇಷ ಪಾಠ. ಬಿ ಗುಂಪಿಗೆ ಏನೂ ಇಲ್ಲ. ಎ ಗುಂಪು ಎಷ್ಟು ಮೇಲೇರಿತು ಎಂದು ತೋರಿಸಬೇಕಾದರೆ ಯಾರಾದರೂ ಕೆಳಗೆ ಉಳಿಯಬೇಕಲ್ಲ, ಅದಕ್ಕೆ. ಚೀಟಿ ಎತ್ತುವ ದಿನ ಕಾಯಿ ಒಡೆದರು, ಪೇಡೆ ಹಂಚಿದರು. ದೆಹಲಿಯಿಂದ ಬಂದಿದ್ದ ತಜ್ಞರೊಬ್ಬರು ವಾರಾಂತ್ಯವನ್ನೆಲ್ಲ ಹಂಪಿಗೆ ಕೊಟ್ಟು, ವಿಭಾಗಕ್ಕೆ ಒಂದು ಚಹಾ ಕುಡಿಯುವಷ್ಟು ಹೊತ್ತು ಕೊಟ್ಟು, ಇದು ಮಹತ್ವದ ಕೆಲಸ ಎಂದು ಹೇಳಿಹೋದರು. ಬಿ ಗುಂಪಿನವರೂ ಪೇಡೆ ತಿಂದರು. ತಮಗೆ ಏನು ಬಂತು ಎನ್ನುವುದು ಅವರಿಗೆ ಆಮೇಲೆ ತಿಳಿಯಿತು.

ವಿಶೇಷ ಪಾಠ ಮಾಡುವ ಕೆಲಸವನ್ನೂ ಪ್ರೊಫೆಸರರು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಅದು ಅವರ ಪಿಎಚ್‌.ಡಿ. ವಿದ್ಯಾರ್ಥಿನಿ ಸ್ಫೂರ್ತಿಯ ಪಾಲಿಗೆ ಬಂತು. ಸಂಡೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಚನ್ನಯ್ಯನ ಮಗಳು. ಐದು ವರ್ಷದಿಂದ ಅವರ ಬ್ಯಾಗು ಹಿಡಿದು, ಅವರ ಲೇಖನ ತಿದ್ದಿ, ಅವರ ಮಗಳ ಪ್ರಾಜೆಕ್ಟನ್ನೂ ಮಾಡಿಕೊಟ್ಟಿದ್ದಳು. ಎ ಗುಂಪಿಗೂ ಬಿ ಗುಂಪಿಗೂ ನಡುವೆ ಎಷ್ಟು ಅಂತರ ಬರುತ್ತದೋ ಅದರ ಮೇಲೆಯೇ ಅವಳ ಪ್ರಬಂಧ ನಿಂತಿತ್ತು. ಅಂತರ ಬಂದರೆ ಜೂನ್‌ನಲ್ಲಿ ಸಲ್ಲಿಕೆ, ಬಾರದಿದ್ದರೆ ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಾಲದ್ದಕ್ಕೆ ಅವಳಿಗೆ ಚೆನ್ನಾಗಿ ಕಲಿಸಲು ಬರುತ್ತಿತ್ತು. ಆ ವಿಭಾಗದಲ್ಲಿ ಅದೊಂದು ಅಪರೂಪದ ದೋಷ.

ಆ ದಿನ ಪಾಠ ಮುಗಿಸಿ ಹೊರಗೆ ಬಂದಾಗ ಸಂಘಮಿತ್ರಾ ನೀರಿನ ನಲ್ಲಿಯ ಹತ್ತಿರ ಕಾಯುತ್ತಿದ್ದಳು.

“ಮೇಡಂ, ನಾ ಒಳಗ ಬರಂಗಿಲ್ರಿ. ಕಿಟಕಿ ಒಂದು ತಗದಿಡ್ರಿ ಸಾಕು.”

“ನೀ ಬಿ ಗುಂಪು, ಸಂಘಮಿತ್ರಾ. ನೀ ಕೇಳಿಸ್ಕೊಂಡ್ರ ಡಾಟಾ ಕೆಡ್ತೈತಿ.”

“ಕೇಳಿಸ್ಕೊಳ್ಳದಿದ್ರ ನಾ ಕೆಡ್ತೀನಲ್ರಿ?”

ಉಳಿದೆಲ್ಲ ಪತ್ರಿಕೆಗಳಲ್ಲಿ ಫಸ್ಟ್ ಕ್ಲಾಸು ಬಂದಿದ್ದ ಈ ಹುಡುಗಿ ಸಂಖ್ಯಾಶಾಸ್ತ್ರ ಒಂದರಲ್ಲಿ ಹೋದ ವರ್ಷ ಬಿದ್ದಿದ್ದಳು. ಇದು ಎರಡನೇ ಸಲ.

“ನಮ್ಮ ತಮ್ಮ ಸಾಗರ ಅದಾನ್ರಿ,” ಎಂದಳು ಸಂಘಮಿತ್ರಾ. “ಬಿ.ಎಸ್ಸಿ. ಅರ್ಧಕ್ಕ ಬಿಟ್ಟು ಯಶವಂತನಗರದ ಗಣಿಗೆ ಹೋಗ್ತಾನ. ಮನ್ಯಾಗ ಇಬ್ರೂ ಕೂಡಿ ಓದಾಕ ಆಗಂಗಿಲ್ಲ ಅಂತ ಅವ್ವ ಸರ್ತಿ ಹಚ್ಯಾಳ್ರಿ. ಮೊದ್ಲು ನಂದು. ನಾ ಪಾಸಾಗಿ ಒಂದು ಕೆಲಸ ಹಿಡಿದ್ರ ಆಮ್ಯಾಲ ಅವಂದು. ಹ್ವಾದ ವರ್ಷಾನ ಅವನ ಸರ್ತಿ ಬರಬೇಕಾಗಿತ್ತು. ನಾ ಬಿದ್ದೆ, ಅವಾ ಕಾಯಾಕ ಹತ್ಯಾನ. ಏನೂ ಅನ್ನಂಗಿಲ್ರಿ, ಅದಕ್ಕ ನಂಗ ಮಾರಿ ಎತ್ತಿ ನೋಡಾಕ ಆಗಂಗಿಲ್ಲ.”

ಸ್ಫೂರ್ತಿ ಅಲ್ಲಿಂದ ನೇರ ಪ್ರೊಫೆಸರರ ಕೋಣೆಗೆ ಹೋದಳು.

ರೇವಣಸಿದ್ದರು ಕಂಪ್ಲಿಯ ರೈಸ್‌ಮಿಲ್ಲಿನ ಮನೆತನದವರು. ಬಡವರ ಬಗ್ಗೆ ಮಾತಾಡುವಾಗ ಅವರ ದನಿ ಮೆತ್ತಗಾಗುತ್ತಿತ್ತು. ಅಂಥ ಮಾತಿಗೆ ವಿದೇಶದಲ್ಲಿ ಬೆಲೆ ಇದೆ ಎಂದು ಅವರಿಗೆ ಗೊತ್ತಿತ್ತು.

“ನಮ್ಮೂರ ಹುಡುಗಿ. ನಂಗ ಕರುಣಿ ಇಲ್ಲೇನು?” ಎಂದರು. “ಆದ್ರ ನೋಡ್ರಿ ಸ್ಫೂರ್ತಿ, ಗುಳಿಗಿ ಕಂಪನಿಯವ್ರು ಹೊಸ ಗುಳಿಗಿ ಟೆಸ್ಟ್ ಮಾಡುವಾಗ ಅರ್ಧ ಮಂದಿಗೆ ಬರೀ ಸಕ್ರಿ ಗುಳಿಗಿ ಕೊಡ್ತಾರೋ ಇಲ್ಲೋ?”

“ಅವ್ರಿಗೆ ಹೇಳಿ ಕೊಡ್ತಾರ್ರಿ ಸರ್. ಒಪ್ಪಿದ್ರ ಕೊಡ್ತಾರ.”

“ಇವ್ರೂ ಒಪ್ಯಾರಲ್ಲ? ಪೇಡೆ ತಿಂದ್ರಲ್ಲ?” ಪ್ರೊಫೆಸರರು ನಕ್ಕರು. “ಎಮೋಷನಲ್ ಆಗಬ್ಯಾಡ್ರಿ. ಬಿ ಗುಂಪಿನವ್ರು ಫೇಲಾಗೋದು ಸಮಾಜಕ್ಕ ಅವ್ರು ಕೊಡೋ ಕೊಡುಗಿ. ಈ ಪೇಪರ್ ಪಬ್ಲಿಷ್ ಆದ್ರ ಮುಂದ ಸಾವಿರಾರು ಸಂಘಮಿತ್ರಾಗಳಿಗೆ ಛಲೋ ಆಗ್ತೈತಿ.”

ಮುಂದಿನ ಸಾವಿರ ಸಂಘಮಿತ್ರಾಗಳಿಗಾಗಿ ಎದುರಿಗಿರುವ ಒಬ್ಬಳನ್ನು ಮುಳುಗಿಸುವುದು ಎಷ್ಟು ಹಗುರವಾದ ತ್ಯಾಗ! ಸ್ಫೂರ್ತಿ “ಹೂಂ ಸರ್” ಎಂದು ಹೊರಗೆ ಬಂದಳು. ಐದು ವರ್ಷದಿಂದ ಅವಳು ಆ ಕೋಣೆಯಿಂದ ಹಾಗೇ ಹೊರಗೆ ಬರುತ್ತಿದ್ದಳು, ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಮರುದಿನ ಕಿಟಕಿಯನ್ನು ತಾನೇ ಮೊದಲು ಹಾಕಿ ಪಾಠ ಶುರುಮಾಡಿದಳು.

ಆದರೆ ಪಾಠ ಎನ್ನುವುದು ಕಿಟಕಿ ಹಾಕಿದರೆ ನಿಲ್ಲುವ ವಸ್ತುವಲ್ಲ. ಒಂದು ವಾರ ಕಳೆದಿರಬೇಕು, ಕಚೇರಿಯ ಗುಮಾಸ್ತ ಹೊನ್ನೂರಸ್ವಾಮಿ ಪ್ರೊಫೆಸರರಿಗೆ ಸುದ್ದಿ ಮುಟ್ಟಿಸಿದ. ಎ ಗುಂಪಿನ ಪಂಪೇಶ್ ಎಂಬ ಹುಡುಗ ಸಂಜೆಯ ಕಂಪ್ಲಿ ಬಸ್ಸಿನಲ್ಲಿ ಬಿ ಗುಂಪಿನವರನ್ನು ಸುತ್ತ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾನಂತೆ. ಪ್ರೊಫೆಸರರು ಹೌಹಾರಿದರು. ಪ್ರಶ್ನೆಪತ್ರಿಕೆ ಬಯಲಾದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲ.

“ನೀವೊಂದು ದಿನ ಆ ಬಸ್ಸು ಹತ್ರಿ,” ಎಂದು ಸ್ಫೂರ್ತಿಗೆ ಹೇಳಿದರು. “ಕಣ್ಣಾರೆ ನೋಡ್ಕೊಂಡು ಬರ್ರಿ. ಯಾರ್ಯಾರು ಕಲಿಯಾಕ ಹತ್ಯಾರ ಅಂತ ಹೆಸರು ಹೇಳ್ರಿ ನಂಗ.”

ಹೀಗೆ ಸ್ಫೂರ್ತಿ, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಸಂಜೆ ಹೊಸಪೇಟೆ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು ಹತ್ತಿದಳು. ಕಮಲಾಪುರದಲ್ಲಿ ಹಂಪಿಯ ಕಡೆಯವರೆಲ್ಲ ಇಳಿದು ಬಸ್ಸು ಸಡಿಲಾಯಿತು. ಹಿಂದಿನ ಉದ್ದ ಸೀಟಿನಲ್ಲಿ ಹುಡುಗ ಹುಡುಗಿಯರ ಗುಂಪು ಕೂಡಿತು. ಸ್ಫೂರ್ತಿ ಎರಡು ಸೀಟು ಮುಂದೆ, ಬೆನ್ನು ತಿರುಗಿಸಿ ಕೂತಿದ್ದಳು. ಪಂಪೇಶನ ದನಿ ಕೇಳಿಸಿತು. ತನ್ನ ಪಾಠದ ಧಾಟಿಯನ್ನೇ ಅವನು ಕದ್ದಿದ್ದಾನೆ ಎಂದು ಸ್ಫೂರ್ತಿಗೆ ನಗು ಬಂತು.

“ಮೂರು ಹೊಲ ಅದಾವು ಅಂತ ತಿಳ್ಕೊರಿ. ಎಕರೆಗೆ ಒಂದ್ರಾಗ ಮೂವತ್ತು ಚೀಲ ನೆಲ್ಲು, ಒಂದ್ರಾಗ ಮೂವತ್ತೈದು, ಒಂದ್ರಾಗ ನಲವತ್ತು. ಸರಾಸರಿ ಎಷ್ಟು? ಮೂವತ್ತೈದು. ಈಗ ಒಂದೊಂದ್ರಾಗೂ ಸರಾಸರಿ ಕಳೀರಿ. ಬಂದದ್ದನ್ನ ಕೂಡಿಸಿ ಮೂರರಿಂದ ಭಾಗಿಸ್ರಿ. ಅದಕ್ಕ ವರ್ಗಮೂಲ. ಅದಾ ಮಾನಕ ವಿಚಲನೆ. ಅಂದ್ರ, ಹೊಲ ಹೊಲಕ್ಕ ಎಷ್ಟು ಫರಕು ಐತಿ ಅಂತ.”

ಸ್ವಲ್ಪ ಹೊತ್ತು ಪೆನ್ನಿನ ಸದ್ದು.

“ಸೊನ್ನೆ ಬಂತಲ್ಲೋ,” ಎಂದಳು ಒಬ್ಬಳು.

“ನಂಗೂ ಸೊನ್ನೆ.”

“ನಿನ್ನೀ ಲೆಕ್ಕಕ್ಕೂ ಸೊನ್ನೇನ ಬಂದಿತ್ತು ನೋಡಲೇ,” ಎಂದ ಇನ್ನೊಬ್ಬ.

“ಹಂಗಾರ ಉತ್ತರ ಸೊನ್ನೆ,” ಎಂದು ಪಂಪೇಶ್ ತೀರ್ಪು ಕೊಟ್ಟ. ದನಿಯಲ್ಲಿ ಮಾತ್ರ ಅಷ್ಟು ಗಟ್ಟಿತನ ಇರಲಿಲ್ಲ.

“ಹೆಂಗ ಆಗ್ತೈತೋ?” ಇದು ಸಂಘಮಿತ್ರಾಳ ದನಿ. “ಒಂದು ಹೊಲಕ್ಕೂ ಇನ್ನೊಂದಕ್ಕೂ ಐದು ಚೀಲ ಫರಕು ಕಣ್ಣಿಗೆ ಕಾಣ್ತೈತಿ. ಫರಕೇ ಇಲ್ಲ ಅಂದ್ರ ಎಲ್ಲಾ ಹೊಲಾನೂ ಒಂದ ಥರ ಇರಬೇಕು. ನೀ ಎಲ್ಲೋ ತಪ್ಪಿದಿ.”

“ಮೇಡಂ ಹಿಂಗ ಹೇಳಿದ್ದು.”

ಸ್ಫೂರ್ತಿ ಹೆಸರು ಹೇಳಲು ಬಂದವಳು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಬಿ ಗುಂಪಿನವರೆಲ್ಲ ಜೀವಮಾನವಿಡೀ ಸೊನ್ನೆ ಬರೆದುಕೊಂಡು ಹೋಗುತ್ತಿದ್ದರು. ಪ್ರಬಂಧಕ್ಕೆ ಬೇಕಾದದ್ದೂ ಅದೇ. ಆದರೆ ತನ್ನ ಹೆಸರಿನಲ್ಲಿ ತಪ್ಪು ಪಾಠ ಓಡಾಡುತ್ತಿದೆಯಲ್ಲ ಎಂಬುದನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ನಾ ಯಾವಾಗ ಹಂಗ ಹೇಳೀನೋ ಪಂಪೇಶಾ?” ಸೀಟಿನಿಂದ ಎದ್ದೇಬಿಟ್ಟಳು. “ವರ್ಗ ಎಲ್ಲಿ ಮಾಡಿದಿ? ಒಂದು ಮೈನಸ್ ಐದು, ಒಂದು ಪ್ಲಸ್ ಐದು. ಹಂಗ ಕೂಡಿಸಿದ್ರ ಒಂದನ್ನೊಂದು ತಿಂದು ಯಾವಾಗ್ಲೂ ಸೊನ್ನೇನ ಆಗ್ತಾವ. ಮೊದ್ಲು ವರ್ಗ ಮಾಡು, ಮೈನಸ್ ಹೋಗ್ಲಿ. ಆಮ್ಯಾಲ ಕೂಡಿಸು!”

ಪಂಪೇಶ್ ಧಡಕ್ಕನೆ ಎದ್ದು ನಿಂತ. “ಮೇಡಂ, ಸರ್‌ಗೆ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದು ಶುರುಮಾಡಿದ. ಸಂಘಮಿತ್ರಾ ಅವನ ಮಾತಿಗೆ ಕಿವಿಗೊಡಲಿಲ್ಲ. ಆಗಲೇ ಬರೆಯುತ್ತಿದ್ದಳು.

“ಇಪ್ಪತ್ತೈದು, ಸೊನ್ನೆ, ಇಪ್ಪತ್ತೈದು,” ಎಂದಳು. “ಕೂಡಿಸಿ ಭಾಗಿಸಿದೆ. ಈಗ ವರ್ಗಮೂಲಾನಾ ಅಕ್ಕಾ?”

ವಿಭಾಗದೊಳಗಿನ ‘ಮೇಡಂ’ ಬಸ್ಸಿನಲ್ಲಿ ‘ಅಕ್ಕಾ’ ಆದದ್ದನ್ನು ಯಾರೂ ಗಮನಿಸಲಿಲ್ಲ. ಸ್ಫೂರ್ತಿ ಹಿಂದಿನ ಸೀಟಿಗೆ ಬಂದಳು, ಅವರು ಒತ್ತಿ ಕೂತು ಜಾಗ ಮಾಡಿದರು. ಕಬ್ಬಿನ ಗದ್ದೆಗಳ ನಡುವೆ ಬಸ್ಸು ಕುಲುಕುತ್ತ ಓಡುತ್ತಿತ್ತು. ಕಂಪ್ಲಿ ಬರುವಷ್ಟರಲ್ಲಿ ಆ ಹಾಳು ಅಧ್ಯಾಯ ಮುಗಿದಿತ್ತು. ಕಳ್ಳರನ್ನು ಹಿಡಿಯಲು ಬಂದವಳು ಮರಳಿ ಹೊಸಪೇಟೆಯ ಬಸ್ಸು ಹತ್ತಿದಾಗ ಬಹಳ ದಿನದ ಮೇಲೆ ಸಂತೋಷವಾಗಿದ್ದಳು, ತನಗೇ ಹೆದರಿಕೆಯಾಗುವಷ್ಟು.

“ಏನೂ ಇಲ್ರಿ ಸರ್,” ಎಂದು ಮರುದಿನ ವರದಿ ಕೊಟ್ಟಳು. “ಮೊಬೈಲ್‌ನ್ಯಾಗ ಹಾಡು ಹಚ್ಚಿರ್ತಾರ. ಆದ್ರೂ ದಿನಾ ಒಂದು ಕಣ್ಣು ಇಡ್ತೀನ್ರಿ.”

ಪ್ರೊಫೆಸರರು ಅವಳ ನಿಷ್ಠೆಯನ್ನು ಬಾಯಿ ತುಂಬ ಹೊಗಳಿದರು. ಅಲ್ಲಿಂದ ಮುಂದೆ ಸ್ಫೂರ್ತಿ ಅವರದೇ ಅಪ್ಪಣೆಯ ಮೇಲೆ ದಿನಾ ಕಂಪ್ಲಿಗೆ ಹೋಗಿ ಬಂದಳು. ಬಸ್ಸಿನಲ್ಲಿ ಬರೆದುಕೊಂಡದ್ದು ಮರುದಿನ ಬೆಳಿಗ್ಗೆ ಸಂಡೂರಿನ ಕಡೆಯ ಬಿ ಗುಂಪಿನವರ ಕೈಗೂ ಹೋಗುತ್ತಿತ್ತು.

ಮೇ ತಿಂಗಳಲ್ಲಿ ಎರಡೂ ಗುಂಪುಗಳಿಗೆ ಪ್ರಯೋಗದ ಟೆಸ್ಟು ನಡೆಯಿತು. ಮೇಲ್ವಿಚಾರಣೆಗೆ ಸ್ಫೂರ್ತಿಯೇ ಇದ್ದಳು. ಅಂಕಗಳು ಬಂದ ದಿನ ಪ್ರೊಫೆಸರರು ಕೋಣೆಯ ಬಾಗಿಲು ಹಾಕಿಕೊಂಡರು. ಎ ಗುಂಪು ಪಾಸು. ಬಿ ಗುಂಪೂ ಪಾಸು. ಯಾವ ಕಡೆಯಿಂದ ಗುಣಿಸಿದರೂ ಅಂತರವಿಲ್ಲ. ಎಲ್ಲರಿಗಿಂತ ಮೇಲೆ ಸಂಘಮಿತ್ರಾ ಇದ್ದಳು. ತಮ್ಮ ವಿದ್ಯಾರ್ಥಿಗಳೆಲ್ಲ ಪಾಸಾದರಲ್ಲ ಎಂದು ಒಬ್ಬ ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಆ ಕಟ್ಟಡ ಅದುವರೆಗೆ ಕಂಡಿರಲಿಲ್ಲ.

ಸಂಜೆ ವಿಭಾಗದ ಸಭೆ ಕರೆದರು. “ಬಿ ಗುಂಪಿಗೆ ಯಾರು ಕಲಿಸಿದ್ದು?” ಎಂದು ಗುಡುಗಿದರು. ಕುಂಬಳಕಾಯಿ ಕಳ್ಳ ಎಂದರೆ ಯಾರಾದರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಅಧ್ಯಾಪಕರೆಲ್ಲ ನಿರಾಳವಾಗಿ ಕೂತಿದ್ದರು. ಕಲಿಸಿದ ಆರೋಪವನ್ನು ಅವರ ಮೇಲೆ ಯಾವತ್ತೂ ಯಾರೂ ಹೊರಿಸಿರಲಿಲ್ಲ. ಸ್ಫೂರ್ತಿಯೂ ನೆಲ ನೋಡುತ್ತ ಸುಮ್ಮನಿದ್ದಳು.

ಸಭೆ ಮುಗಿದ ಮೇಲೆ ಪ್ರೊಫೆಸರರು ಅವಳೊಬ್ಬಳನ್ನೇ ಒಳಗೆ ಕರೆದರು. ಅಷ್ಟರಲ್ಲಿ ಅವರ ಮುಖಕ್ಕೆ ಕಳೆ ಬಂದಿತ್ತು.

“ಕುಂದ್ರಿ. ಹಾದಿ ಸಿಕ್ತು. ಕಲಿಸಿಲ್ಲ ಅಂದ್ರ ಹೆಂಗ ಬಂದಾವು ಇಷ್ಟು ಮಾರ್ಕ್ಸು? ಕಾಪಿ! ನಾಕು ಮಂದಿ ಸಾಕು. ಬಿ ಗುಂಪಿನ್ಯಾಗ ಮ್ಯಾಲಿನ ನಾಕು ಮಂದಿ. ಕಾಪಿ ಹೊಡಿಯೋದು ಕಂಡೆ ಅಂತ ನೀವು ಸೈನ್ ಮಾಡ್ರಿ. ಅವ್ರನ್ನ ತಗದ್ರ ಎರಡು ಗುಂಪಿಗೂ ಅಂತರ ಬರ್ತೈತಿ. ಲೆಕ್ಕ ಹಾಕಿ ನೋಡೀನಿ.”

“ಸರ್, ಕಾಪಿ ಕೇಸ್ ಆದ್ರ ಈ ವರ್ಷ ಮೇನ್ ಪರೀಕ್ಷಾಕ್ಕ ಕುಂದ್ರಾಕ ಬಿಡಂಗಿಲ್ರಿ.”

“ಮುಂದಿನ ವರ್ಷ ಬರೀತಾರ ಬಿಡ್ರಿ. ನಿಮ್ದು ಜೂನ್‌ದಾಗ ಸಬ್ಮಿಟ್ ಆಗಬೇಕೋ ಬ್ಯಾಡೋ?”

ಟೈಪು ಮಾಡಿಸಿದ ಹಾಳೆ ಸಿದ್ಧವಾಗಿತ್ತು. ಮೊದಲ ಹೆಸರು ಸಂಘಮಿತ್ರಾಳದು. ಸ್ಫೂರ್ತಿ ಅದನ್ನು ಎರಡು ಸಲ ಓದಿದಳು. ಸಹಿ ಹಾಕಿದರೆ ತಾನು ಡಾಕ್ಟರು. ಸಾಗರ ಇನ್ನೂ ಒಂದು ವರ್ಷ ಗಣಿಯ ಧೂಳು ತಿನ್ನುತ್ತಾನೆ, ಮನೆಗೆ ಬಂದು ಏನೂ ಅನ್ನುವುದಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು. ಎದುರಿಗಿದ್ದವರ ಮೇಲೆ ಸ್ವಲ್ಪ, ಐದು ವರ್ಷ ‘ಹೂಂ ಸರ್’ ಎಂದ ತನ್ನ ಮೇಲೆ ಬಹಳ.

“ಕಾಪಿ ಹೊಡದಿಲ್ರಿ,” ಎಂದಳು. “ನಾ ಕಲಿಸೀನಿ.”

“ಯಾರಿಗೆ?”

“ಬಿ ಗುಂಪಿಗೆ. ದಿನಾ ಬಸ್ಸಿನ್ಯಾಗ.”

“ಯಾಕ?” ಎಂದರು ಪ್ರೊಫೆಸರರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಗೊತ್ತಿಲ್ಲ ಅಂದ್ರು, ಕೇಳಿದ್ರು. ಹೇಳಿಕೊಟ್ಟೆ.”

“ಬರದು ಕೊಡ್ರಿ ಇದನ್ನ.”

ಬರೆದುಕೊಟ್ಟಳು. ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಟ್ಟಿದ್ದೇನೆ ಎಂಬ ತಪ್ಪೊಪ್ಪಿಗೆಯನ್ನು ಒಂದು ವಿದ್ಯಾಕೇಂದ್ರ ಶಾಸ್ತ್ರೋಕ್ತವಾಗಿ ಸೀಲು ಹಾಕಿ ತೆಗೆದುಕೊಂಡಿತು. ಕಲಿಸಿದ್ದೇನೆ ಎಂದು ಅವಳ ಕೈಬರಹವೇ ಇರುವಾಗ ಕಾಪಿಯ ಮಾತು ನಿಲ್ಲುವಂತಿರಲಿಲ್ಲ, ಟೈಪಿನ ಹಾಳೆ ಕಸದ ಬುಟ್ಟಿಗೆ ಹೋಯಿತು. ಮರುದಿನ ಪ್ರೊಫೆಸರ್ ರೇವಣಸಿದ್ದರು ಅವಳ ಮಾರ್ಗದರ್ಶಕತ್ವದಿಂದ ಹಿಂದೆ ಸರಿದರು. ಅದೇ ವಾರ ‘ಸಂಶೋಧನೆಯಲ್ಲಿ ಪ್ರಾಮಾಣಿಕತೆ’ ಎಂಬ ಹೊಸ ಯೋಜನೆಗೆ ಅರ್ಜಿ ಬರೆಯಲು ಕೂತರಂತೆ. ಅಂಥವರಿಗೆ ಯಾವ ಹೊಲವೂ ಬೀಳು ಬೀಳುವುದಿಲ್ಲ.

ಸಂಡೂರಿನಿಂದ ಅಪ್ಪ ಚನ್ನಯ್ಯ ಫೋನು ಮಾಡಿದ. “ಒಂದು ಸೈನ್ ಹಾಕಿದ್ರ ನಿನ್ನ ಗಂಟೇನು ಹೋಗ್ತಿತ್ತವ್ವಾ? ಡಾಕ್ಟರ್ ಆಗ್ತಾಳ ಮಗಳು ಅಂತ ಅಂಗಡ್ಯಾಗ ಬಂದವ್ರಿಗೆಲ್ಲಾ ಹೇಳೀನಿ.” ಫೋನು ಇಟ್ಟ ಮೇಲೆ ಸ್ಫೂರ್ತಿ ಬಾಡಿಗೆ ಕೋಣೆಯ ನೆಲದ ಮೇಲೆ ಬಿದ್ದುಕೊಂಡು ಆ ದಿನ ತುಂಬ ಅತ್ತಳು. ಒಳ್ಳೆಯ ಕೆಲಸ ಮಾಡಿದವರಿಗೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರಲ್ಲ, ಅವಳಿಗೆ ಹಾಗೇನೂ ಆಗಲಿಲ್ಲ.

ಮೇನ್ ಪರೀಕ್ಷೆ ಜೂನ್‌ನಲ್ಲಿ ಬಂತು. ಮೇಲ್ವಿಚಾರಕರ ಹೆಸರುಗಳನ್ನು ಮೊದಲೇ ಹಾಕಿದ್ದರು, ಸ್ಫೂರ್ತಿಯ ಬದಲಿಗೆ ಆ ಸೆಕೆಯಲ್ಲಿ ಮೂರು ತಾಸು ನಿಲ್ಲಲು ಇನ್ನೊಬ್ಬರು ಸಿಗಲಿಲ್ಲ. ಹಾಗಾಗಿ ಸಂಖ್ಯಾಶಾಸ್ತ್ರದ ದಿನ ಪರೀಕ್ಷೆಯ ಹಾಲ್‌ನಲ್ಲಿ ಅವಳೇ ನಿಂತಿದ್ದಳು. ಎ, ಬಿ ಎಂಬ ಭೇದವಿಲ್ಲದೆ ಎಲ್ಲರೂ ನಂಬರಿನ ಪ್ರಕಾರ ಕೂತಿದ್ದರು. ಸಂಘಮಿತ್ರಾ ಮೂರನೇ ಸಾಲಿನಲ್ಲಿದ್ದಳು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ತಲೆ ಎತ್ತಲಿಲ್ಲ.

ಅರ್ಧ ಹೊತ್ತು ಕಳೆದ ಮೇಲೆ ಪಂಪೇಶನ ಕೈ ಮೇಲೆ ಬಂತು. “ಮೇಡಂ, ಅಡಿಷನಲ್.” ಸ್ಫೂರ್ತಿ ಹೆಚ್ಚುವರಿ ಹಾಳೆ ಕೊಟ್ಟಳು. ಕಿಟಕಿಯ ಪಕ್ಕದಿಂದ ಇನ್ನೊಂದು ಕೈ. ಹಿಂದಿನಿಂದ ಇನ್ನೆರಡು. ಮೇಜಿನ ಮೇಲಿನ ಸಣ್ಣ ಕಟ್ಟು ನೋಡನೋಡುತ್ತ ಕರಗಿತು. ಆಗ ಸಂಘಮಿತ್ರಾ ಕೈ ಎತ್ತಿದಳು, ಬರೆಯುವುದನ್ನು ನಿಲ್ಲಿಸದೆ, ಎಡಗೈ.

ಹಾಳೆ ಇರಲಿಲ್ಲ. ಸ್ಫೂರ್ತಿ ಬಾಗಿಲಿಗೆ ಬಂದು ಹೊನ್ನೂರಸ್ವಾಮಿಯನ್ನು ಕರೆದಳು.

“ಅಡಿಷನಲ್ ಶೀಟ್ ಕೊಡ್ರಿ, ಜಲ್ದಿ.”

“ಕೊಟ್ಟಿದ್ನೆಲ್ಲಾ ಮುಗಿಸಿದ್ರ್ಯಾ?” ಅವನು ಕುರ್ಚಿಯಿಂದ ಅರ್ಧ ಎದ್ದ. “ಈ ಪೇಪರಿಗೆ ಬಿಳಿ ಹಾಳಿ ಹಂಗಾ ಕೊಟ್ಟು ಎದ್ದು ಹೋಗ್ತಾರ್ರಿ ಪ್ರತಿವರ್ಷ. ಅದಕ್ಕ ನಾ ತರಿಸೇ ಇಲ್ಲ. ಸ್ಟೋರಿನ ಕೀಲಿ ಸರ್ ಕಡೆ ಐತಿ.”

“ಹೋಗಿ ಇಸ್ಕೊಂಡು ಬರ್ರಿ.”

“ಸರ್ ಮಲಗಿರಬೇಕ್ರಿ ಈಗ.”

“ಎಬ್ಬಿಸ್ರಿ,” ಎಂದಳು ಸ್ಫೂರ್ತಿ.

ಅವನು ಚಪ್ಪಲಿ ಮೆಟ್ಟಿಕೊಂಡು, ಗೊಣಗುತ್ತ, ಪ್ರೊಫೆಸರರ ಕೋಣೆಯ ಕಡೆ ನಡೆದ. ಬಾಗಿಲು ಬಡಿಯುವ ಸದ್ದು ಕೇಳಿಸಿತು. ಸ್ಫೂರ್ತಿ ಹಾಲ್‌ನ ಕಡೆ ತಿರುಗಿದಳು. ಹಾಲ್ ತುಂಬ ಪೆನ್ನುಗಳ ಸದ್ದಿತ್ತು. ಸಂಘಮಿತ್ರಾ ತನ್ನ ಹಾಳೆಯ ಕೊನೆಯ ಸಾಲಿಗೆ ಬಂದಿದ್ದಳು, ಜಾಗ ಸಾಲದೆ ಅಕ್ಷರ ಸಣ್ಣದು ಮಾಡಿ ಬರೆಯುತ್ತಿದ್ದಳು. ಎಡಗೈ ಇನ್ನೂ ಮೇಲೆಯೇ ಇತ್ತು.